ಒಳಲೆ ಕೊಳ್ಳುವ ಮುನ್ನ: ಸ್ಟೀಲು, ಬೆಳ್ಳಿ, ಪ್ಲಾಸ್ಟಿಕ್ಕುಗಳಲ್ಲಿ ಯಾವುದು ಸರಿ?

ಮಗುವಿಗೆ ಹಾಲು ಕುಡಿಸುವ ಸಾಮಾನುಗಳಲ್ಲಿ ಒಳಲೆಯಷ್ಟು, ಅಂದರೆ ಉದ್ದ ಮೂತಿಯ ಪುಟ್ಟ ಬಟ್ಟಲಿನಷ್ಟು, ಅಗ್ಗದ್ದು, ತೊಳೆಯಲು ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಆದರೆ ತೊಟ್ಟಿಲಿಗೆ ನಾಲ್ಕು ಅಂಗಡಿ ಸುತ್ತುವವರು ಒಳಲೆಗೆ ಬಂದಾಗ ಪಾತ್ರೆ ಅಂಗಡಿಯವರು ಕೊಟ್ಟದ್ದನ್ನು ತಿರುಗಿಸಿಯೂ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹೆರಿಗೆಯ ಉಡುಗೊರೆಯಾಗಿ ಬಂದ ಬೆಳ್ಳಿಯದನ್ನಂತೂ ಪರೀಕ್ಷಿಸುವವರೇ ಕಡಿಮೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಜೋಡಣೆಯಿಲ್ಲದ, ಮೂತಿ ತೆರೆದಿರುವ, ಒಳಗೆ ಯಾವ ಚಿತ್ತಾರವೂ ಇಲ್ಲದ ಸಾದಾ ಸ್ಟೀಲ್ ಒಳಲೆ ಎರಡು ಕೊಳ್ಳಿ. ಮಿಕ್ಕವೆಲ್ಲ ಅದರ ನಂತರ.

ಒಳಲೆ ಎಲ್ಲ ಮಕ್ಕಳಿಗೂ ಬೇಕೇ ಎಂದರೆ, ಇಲ್ಲ. ಎದೆಗೆ ಬಾಯಿ ಹಾಕಿ ಚೆನ್ನಾಗಿ ಕುಡಿಯುವ, ತೂಕ ಏರುತ್ತಿರುವ ಮಗುವಿಗೆ ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ಪಾತ್ರೆ ಬೇಕಿಲ್ಲ. ಒಳಲೆಯ ನಿಜವಾದ ಕೆಲಸ ಇರುವುದು ಅವಧಿಗೆ ಮುಂಚೆ ಹುಟ್ಟಿದ ಅಥವಾ ಕಡಿಮೆ ತೂಕದ ಮಕ್ಕಳಲ್ಲಿ. 32ರಿಂದ 34 ವಾರಕ್ಕೆ ಹುಟ್ಟಿದ ಮಗು ನುಂಗಬಲ್ಲದು, ಆದರೆ ಎದೆಯನ್ನು ಹಿಡಿದು ಹೊಟ್ಟೆ ತುಂಬುವಷ್ಟು ಚೀಪುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆಗ ತಾಯಿ ಹಿಂಡಿಕೊಟ್ಟ ಹಾಲನ್ನು ನಮ್ಮ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಚಮಚದಲ್ಲೋ ಒಳಲೆಯಲ್ಲೋ ಕುಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇಂಥ ಮಕ್ಕಳಿಗೆ ಬಾಟಲಿಯ ಬದಲು ಬಟ್ಟಲು, ಚಮಚ ಅಥವಾ ಒಳಲೆಯನ್ನೇ ಸೂಚಿಸಿದೆ. ಸೀಳು ತುಟಿ, ಸೀಳು ಅಂಗಳದ ಮಕ್ಕಳಿಗೂ ವೈದ್ಯರ ಮಾರ್ಗದರ್ಶನದಲ್ಲಿ ಇದು ಒದಗುತ್ತದೆ. ಇನ್ನೊಂದು ಸಂದರ್ಭ ತಾಯಿ ಕೆಲಸಕ್ಕೆ ಮರಳಿದಾಗ. ಹಿಂಡಿಟ್ಟ ಹಾಲನ್ನು ಅಜ್ಜಿಯೋ ಅಪ್ಪನೋ ಕುಡಿಸಬೇಕಾದಾಗ ನಿಪ್ಪಲ್ ರೂಢಿ ಮಾಡಿಸದೆ ಕುಡಿಸಬಹುದು.

ಈಗ ಸಾಮಾನಿನ ಮಾತಿಗೆ ಬರೋಣ. ಸ್ಟೀಲ್ ಒಳಲೆಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು, ಇಡೀ ಒಳಲೆಯನ್ನು ಒಂದೇ ತಗಡಿನಲ್ಲಿ ಒತ್ತಿ ತೆಗೆದದ್ದು. ಇನ್ನೊಂದು, ಬಟ್ಟಲಿಗೆ ಮೂತಿಯನ್ನು ಬೇರೆಯಾಗಿ ಬೆಸೆದದ್ದು. ಮೊದಲನೆಯದನ್ನೇ ಕೇಳಿ ತೆಗೆದುಕೊಳ್ಳಿ. ಬೆಸೆದ ಜಾಗದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಹಾಲಿನ ಜಿಡ್ಡು ಅಲ್ಲಿ ಕೂರುತ್ತದೆ, ಕುದಿಸಿದರೂ ಪೂರ್ತಿ ಬಿಡುವುದಿಲ್ಲ, ಎರಡು ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಅಂಚನ್ನು ಹೊರಗೆ ಮಡಚಿರುವ ಒಳಲೆಗಳೂ ಇವೆ. ಮುಟ್ಟಲು ನುಣುಪಾಗಿರುತ್ತವೆ, ನಿಜ. ಆದರೆ ಮಡಿಕೆ ಪೂರ್ತಿ ಮುಚ್ಚಿರದಿದ್ದರೆ ಅದರೊಳಗೆ ನೀರು ಸೇರುತ್ತದೆ. ಅಂಗಡಿಯಲ್ಲೇ ನೀರಿನಲ್ಲಿ ಅದ್ದಿ, ಕೊಡವಿ, ಅಂಚನ್ನು ಒಣ ಟಿಶ್ಯೂ ಮೇಲೆ ತಟ್ಟಿ ನೋಡಿ. ಹನಿ ಬಿದ್ದರೆ ಬೇಡ.

ಅಂಚಿನ ಚೂಪು ನೋಡಲು ಬೆರಳು ಸಾಲದು. ದೊಡ್ಡವರ ಬೆರಳ ಚರ್ಮ ಒರಟು, ಅದಕ್ಕೆ ತಿಳಿಯದ ಮುಳ್ಳು ಮಗುವಿನ ತುಟಿಗೆ ತಿಳಿಯುತ್ತದೆ. ಚೂರು ಹತ್ತಿಯನ್ನು ಮೂತಿಯ ಸುತ್ತ, ವಿಶೇಷವಾಗಿ ಮೂತಿಯ ತುದಿಯ ಕೆಳಭಾಗದಲ್ಲಿ, ನಿಧಾನವಾಗಿ ಎಳೆದು ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ ಎಂದೇ ಅರ್ಥ. ಪಾತ್ರೆ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹತ್ತಿ ಇಟ್ಟುಕೊಂಡು ಹೋಗುವುದು ಅತಿಯೆನಿಸಬಹುದು, ಆದರೆ ಈ ಒಂದು ಪರೀಕ್ಷೆಯಲ್ಲೇ ಎಷ್ಟೋ ಒಳಲೆಗಳು ಬಿದ್ದುಹೋಗುತ್ತವೆ.

ಮೂರನೆಯದು ಮೂತಿಯ ಇಳಿಜಾರು. ಒಳಲೆಗೆ ಮುಕ್ಕಾಲು ನೀರು ತುಂಬಿ ಮೆಲ್ಲನೆ ಬಾಗಿಸಿ. ನೀರು ತೊಟ್ಟು ತೊಟ್ಟಾಗಿ ಬಂದು, ಕೈ ನಿಲ್ಲಿಸಿದ ಕೂಡಲೇ ನಿಲ್ಲಬೇಕು. ಅಗಲ ಮೂತಿಯ, ಆಳದ ಒಳಲೆಗಳಲ್ಲಿ ಮೊದಲು ಏನೂ ಬಾರದೆ ಆಮೇಲೆ ಒಮ್ಮೆಲೇ ಧಾರೆಯಾಗಿ ಸುರಿಯುತ್ತದೆ. ಹಾಲು ನೆತ್ತಿಗೆ ಹತ್ತುವುದು ಬಹಳ ಸಲ ಇಂಥವುಗಳಿಂದಲೇ. ತಳ ಚಪ್ಪಟೆಯಾಗಿದ್ದು, ತುಂಬಿದ ಒಳಲೆ ಮೇಜಿನ ಮೇಲೆ ಮೂತಿಯ ಕಡೆಗೆ ವಾಲದೆ ನಿಲ್ಲುತ್ತದೆಯೇ ಎಂಬುದನ್ನೂ ನೋಡಿ. ನಡುವೆ ಮಗುವನ್ನು ಹೆಗಲಿಗೆ ಹಾಕಿಕೊಳ್ಳಬೇಕಾದಾಗ ಅದನ್ನು ಇಡಲು ಜಾಗ ಬೇಕಲ್ಲ.

ಇಷ್ಟೆಲ್ಲ ದಾಟಿದ ಸ್ಟೀಲ್ ಒಳಲೆಯನ್ನು ಕುದಿಸಬಹುದು, ಬೀಳಿಸಬಹುದು, ತಿಕ್ಕಬಹುದು. ಅದರ ಒಂದೇ ಕೊರತೆ, ಒಳಗೆ ಅಳತೆಯ ಗೆರೆ ಇಲ್ಲದಿರುವುದು. ಒಂದು ಅಂಗಡಿಯಲ್ಲಿ 10 ಎಂ.ಎಲ್. ಹಿಡಿಯುವ ಒಳಲೆ ಇದ್ದರೆ ಪಕ್ಕದ ಅಂಗಡಿಯಲ್ಲಿ 25 ಹಿಡಿಯುವುದೂ ಇರುತ್ತದೆ. ಹಾಗಾಗಿ ‘ಎರಡು ಒಳಲೆ ಕುಡಿಯಿತು’ ಎಂದು ವೈದ್ಯರಿಗೆ ಹೇಳಿದರೆ ಅವರಿಗೆ ಏನೂ ತಿಳಿಯದು. ಮನೆಗೆ ತಂದ ದಿನವೇ ಸೂಜಿಯಿಲ್ಲದ 10 ಎಂ.ಎಲ್. ಸಿರಿಂಜಿನಲ್ಲಿ ನೀರು ಹಾಕಿ, ಅಂಚಿಗಿಂತ ತುಸು ಕೆಳಗಿನವರೆಗೆ ಎಷ್ಟು ಹಿಡಿಯುತ್ತದೆ ಎಂದು ಅಳೆದು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ಒಳಲೆ 12 ಎಂ.ಎಲ್. ಹಿಡಿದರೆ, 30 ಎಂ.ಎಲ್. ಎಂದರೆ ಎರಡೂವರೆ ಒಳಲೆ. ಅಳತೆಯಲ್ಲಿ ಬಹಳ ಸೂಕ್ಷ್ಮವಾಗಿರಬೇಕಾದ ಪುಟ್ಟ ಮಕ್ಕಳಿಗೆ ಹಾಲನ್ನು ಸಿರಿಂಜಿನಲ್ಲೇ ಅಳೆದು ಒಳಲೆಗೆ ಹಾಕುವುದು ಉತ್ತಮ.

ಬೆಳ್ಳಿಯದಕ್ಕೆ ನಮ್ಮ ಮನೆಗಳಲ್ಲಿ ಮಮತೆ ಜಾಸ್ತಿ. ತವರಿನವರು ಕೊಡುವ ವಸ್ತು, ಅದನ್ನು ಬೇಡವೆನ್ನುವುದು ಹೇಗೆ? ಬೇಡವೆನ್ನಬೇಕಾಗಿಯೂ ಇಲ್ಲ. ಆದರೆ ನೂರಕ್ಕೆ 92.5 ಪಾಲು ಬೆಳ್ಳಿ ಎಂದು ಹೇಳುವ 925 ಹಾಲ್‌ಮಾರ್ಕ್ ಇರಲಿ. ಶುದ್ಧ ಬೆಳ್ಳಿ ಮೆತ್ತಗಿರುತ್ತದೆ, ಬಿದ್ದರೆ ಮೂತಿ ನೆಗ್ಗುತ್ತದೆ, ನೆಗ್ಗಿದ ಅಂಚು ಚೂಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುವುದು ಸಹಜ. ಆ ಕಪ್ಪು ತೆಗೆಯಲು ಮಾರುವ ಪಾಲಿಷ್ ದ್ರವವನ್ನು ಮಾತ್ರ ಹಾಲಿನ ಪಾತ್ರೆಗೆ ಮುಟ್ಟಿಸಬೇಡಿ. ಅಡುಗೆ ಸೋಡಾ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಕುದಿಸಿದರಾಯಿತು. ತಲೆಮಾರುಗಳಿಂದ ಬಂದ ಹಳೆಯ ಒಳಲೆಯಲ್ಲಿ ಎಲ್ಲಾದರೂ ಬೆಸುಗೆ ಹಾಕಿ ರಿಪೇರಿ ಮಾಡಿದ ಗುರುತಿದ್ದರೆ ಅದನ್ನು ನಾಮಕರಣದ ದಿನದ ಶಾಸ್ತ್ರಕ್ಕೆ ಇಟ್ಟುಕೊಳ್ಳಿ, ದಿನಬಳಕೆಗೆ ಬೇಡ. ಆ ಬೆಸುಗೆಯಲ್ಲಿ ಸೀಸ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಹೂಬಳ್ಳಿ ಕೆತ್ತಿದವು ನೋಡಲು ಚಂದ, ಆದರೆ ಕೆತ್ತನೆ ಹೊರಮೈಯಲ್ಲಿದ್ದರೆ ಮಾತ್ರ ಸರಿ.

ಪ್ಲಾಸ್ಟಿಕ್ ಒಳಲೆಗಳಲ್ಲಿ ಎಂ.ಎಲ್. ಗೆರೆ ಇರುತ್ತದೆ, ಹಗುರ, ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತವೆ. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕೆ ಇದ್ದರೆ ಅದು ಪಾಲಿಪ್ರೊಪಿಲೀನ್, ಕುದಿಯುವ ನೀರನ್ನು ತಡೆಯುತ್ತದೆ. ಅಂಕೆಯೇ ಇಲ್ಲದ್ದನ್ನು ಕೊಳ್ಳಬೇಡಿ. ಒಂದೆರಡು ತಿಂಗಳ ನಂತರ ಒಳಮೈ ಮಂಜಾಗುತ್ತದೆ, ಗೀರು ಬೀಳುತ್ತದೆ. ಆಗ ಮರುಮಾತಿಲ್ಲದೆ ಎಸೆಯಿರಿ. ಒತ್ತಿದರೆ ಚಮಚಕ್ಕೆ ಹಾಲು ಬರುವ ಸಿಲಿಕೋನ್ ಬಾಟಲಿಗಳನ್ನು ಈಗ ಒಳಲೆಗೆ ಪರ್ಯಾಯವೆಂದು ಮಾರುತ್ತಾರೆ. ನಮಗೆ ಅವು ಒಪ್ಪಿಗೆಯಿಲ್ಲ. ಕತ್ತಿನ ಸಣ್ಣ ತೂತಿನಲ್ಲಿ ಹಾಲು ಉಳಿಯುತ್ತದೆ, ಮೇಲಾಗಿ ಒತ್ತುವವರ ಬೆರಳಿನ ವೇಗಕ್ಕೆ ಮಗು ಕುಡಿಯಬೇಕಾಗುತ್ತದೆ.

ಯಾವ ಒಳಲೆಯೇ ಆಗಲಿ, ಅದರ ಗುಣ ಉಳಿಯುವುದು ಹಿಡಿಯುವ ಕೈಯಲ್ಲಿ. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿ, ಬಾಯೊಳಗೆ ಹಾಲು ಸುರಿಯುವ ಹಳೆಯ ಪದ್ಧತಿ ಇದೆಯಲ್ಲ, ಕೆಲವು ಕಡೆ ಮಗು ನುಂಗಲೆಂದು ಮೂಗನ್ನೂ ಹಿಡಿಯುತ್ತಾರೆ. ಅದು ಜೀವಕ್ಕೇ ಅಪಾಯ. ಅಳುತ್ತಿರುವ ಮಗು ಉಸಿರೆಳೆದುಕೊಳ್ಳುವಾಗ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ದಯವಿಟ್ಟು ಹಿರಿಯರಿಗೆ ನೋವಾಗುತ್ತದೆಂದು ಸುಮ್ಮನಿರಬೇಡಿ. ‘ಡಾಕ್ಟ್ರು ಹೀಗೆ ಹೇಳಿದ್ದಾರೆ ಅತ್ತೆ’ ಎಂದು ಸರಿಯಾದ ಕ್ರಮವನ್ನು ಕೂತು ತೋರಿಸಿ.

ಮಗು ಪೂರ್ತಿ ಎಚ್ಚರವಿರಬೇಕು. ಕೈಕಾಲು ಒಳಗೆ ಸೇರುವಂತೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತೊಡೆಯ ಮೇಲೆ ಅರೆ ಕೂತ ಭಂಗಿಯಲ್ಲಿಟ್ಟುಕೊಂಡು, ತಲೆ ಮತ್ತು ಕತ್ತಿಗೆ ಎಡಗೈ ಆಸರೆ ಕೊಡಿ. ಒಳಲೆಯನ್ನು ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ ತುಂಬಿ, ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಒಂದು ಮೂಲೆಯಲ್ಲಿ ಹಗುರವಾಗಿ ಇಡಿ. ಮೂತಿ ನಾಲಿಗೆಯನ್ನು ಒತ್ತಬಾರದು. ಹಾಲು ತುಟಿಗೆ ತಾಗುವಷ್ಟೇ ಬಾಗಿಸಿ ಕಾಯಿರಿ. ಮಗು ನಾಲಿಗೆ ಚಾಚಿ ನೆಕ್ಕುತ್ತದೆ ಅಥವಾ ಹೀರುತ್ತದೆ. ಅದು ನುಂಗಿದ್ದನ್ನು ಗಂಟಲಿನಲ್ಲಿ ನೋಡಿದ ಮೇಲೆಯೇ ಮುಂದಿನ ತೊಟ್ಟು. ಪ್ರತಿ ಸಲ ಒಳಲೆಯನ್ನು ಪೂರ್ತಿ ತೆಗೆಯಬೇಕಿಲ್ಲ, ಮಟ್ಟಕ್ಕೆ ತಂದರೆ ಸಾಕು. ಕೆನ್ನೆಯಲ್ಲಿ ಹಾಲು ತುಂಬಿಕೊಂಡು ಗಲ್ಲದಿಂದ ಇಳಿಯುತ್ತಿದ್ದರೆ ನೀವು ಅವಸರ ಮಾಡುತ್ತಿದ್ದೀರಿ ಎಂದೇ ತಿಳಿಯಿರಿ. ಮಗು ನಿದ್ದೆಗೆ ಜಾರಿದರೆ ಕಿವಿಯ ಹಿಂದೆಯೋ ಅಂಗಾಲಿನಲ್ಲೋ ಮೆಲ್ಲಗೆ ತೀಡಿ. ಆಗಲೂ ಏಳದಿದ್ದರೆ ಅಲ್ಲಿಗೆ ನಿಲ್ಲಿಸಿ. ಕೆಮ್ಮು, ಉಸಿರು ಕಟ್ಟಿದಂತಾಗುವುದು ಕಂಡರೆ ತಕ್ಷಣ ಒಳಲೆ ತೆಗೆದು ಮಗುವನ್ನು ಪಕ್ಕಕ್ಕೆ ವಾಲಿಸಿ ಬಾಯಿಯ ಹಾಲು ಹೊರಹೋಗಲು ಬಿಡಿ. ತುಟಿ ನೀಲಿಗಟ್ಟಿದರೆ ಅಥವಾ ಪದೇ ಪದೇ ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಡುವೆ ಒಮ್ಮೆ, ಕೊನೆಗೊಮ್ಮೆ ಹೆಗಲಿಗೆ ಹಾಕಿ ತೇಗು ಬರಿಸಿ. ಪುಟ್ಟ ಮಗುವಿಗೆ ಒಂದು ಸಲ ಕುಡಿಸಲು 20ರಿಂದ 30 ನಿಮಿಷ ಹಿಡಿಯುವುದುಂಟು. ಅದಕ್ಕೂ ಹೆಚ್ಚು ಎಳೆದರೆ ಮಗು ದಣಿದಿದೆ, ವೈದ್ಯರಿಗೆ ತಿಳಿಸಿ.

ಒಳಲೆ ಮಗುವಿಗೆ ಚೀಪುವುದನ್ನು ಕಲಿಸುವುದಿಲ್ಲ. ಹಾಗಾಗಿ ವೈದ್ಯರು ಒಪ್ಪಿದರೆ ಪ್ರತಿ ಸಲವೂ ಮೊದಲು ಎದೆಗೆ ಹಾಕಿ, ಆಮೇಲೆ ಉಳಿದದ್ದನ್ನು ಒಳಲೆಯಲ್ಲಿ ಕೊಡಬೇಕು.

ಹಿಂಡಿದ ಹಾಲು ಮುಚ್ಚಿದ ಸ್ಟೀಲ್ ಬಟ್ಟಲಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಈ ಲೆಕ್ಕ ನಡೆಯದು, ಹಿಂಡಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನ ಬಾಗಿಲಲ್ಲಿಡದೆ ಒಳಗೋಡೆಯ ಹತ್ತಿರ ಇಡಿ. ಕರೆಂಟು ಹೋಗಿ ಬರುವ ಮನೆಗಳಲ್ಲಿ ಒಂದು ದಿನದೊಳಗೆ ಮುಗಿಸುವುದು ಕ್ಷೇಮ. ಬೆಚ್ಚಗೆ ಮಾಡಲು ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿದರೆ ಸಾಕು, ಒಲೆಯ ಮೇಲೆ ನೇರವಾಗಿ ಅಥವಾ ಮೈಕ್ರೋವೇವಿನಲ್ಲಿ ಇಡಬಾರದು. ಒಳಲೆಯಲ್ಲಿ ಉಳಿದ ಹಾಲನ್ನು ಬಟ್ಟಲಿಗೆ ಮರಳಿ ಸುರಿಯಬೇಡಿ.

ತೊಳೆಯುವುದು ಕುಡಿಸಿದ ಕೂಡಲೇ ಆಗಬೇಕು. ಒಣಗಿದ ಹಾಲಿನ ಪದರದ ಮೇಲೆ ಕುದಿಸಿದರೆ ಅದು ಇನ್ನಷ್ಟು ಗಟ್ಟಿಯಾಗಿ ಅಂಟುತ್ತದೆ. ಸೋಪು ನೀರಿನಲ್ಲಿ ಇದಕ್ಕೆಂದೇ ಇಟ್ಟ ಮೆತ್ತನೆ ಬ್ರಷ್‌ನಿಂದ ಮೂತಿಯವರೆಗೆ ತಿಕ್ಕಿ, ತೊಳೆದು, ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಕುದಿ ಬಂದ ಮೇಲೆ 10 ನಿಮಿಷ ಬಿಡಿ. ಕವುಚಿ ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಓರೆಯಾಗಿ ಇಳಿಬಿಡಿ. ತೆಗೆದ ಮೇಲೆ ಸೆರಗಿನಲ್ಲೋ ಟವೆಲಿನಲ್ಲೋ ಒರೆಸದೆ, ಒಗೆದ ಬಟ್ಟೆಯ ಮೇಲೆ ಬೋರಲು ಹಾಕಿ ತಾನಾಗಿ ಒಣಗಲು ಬಿಡಿ. ಬೋರ್‌ವೆಲ್ ಗಡಸು ನೀರಿನಲ್ಲಿ ಕುದಿಸಿದರೆ ಬಿಳಿ ಪೊರೆ ಕಟ್ಟಿ ಒರಟಾಗುತ್ತದೆ. ಫಿಲ್ಟರ್ ನೀರು ಬಳಸಿ, ಕಟ್ಟಿದ ಪೊರೆಗೆ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನವಜಾತ ಶಿಶು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಎರಡು ಒಳಲೆ ಕೊಳ್ಳಿ ಎಂದದ್ದು ಇದಕ್ಕೇ, ಒಂದು ಒಣಗುತ್ತಿರುವಾಗ ಇನ್ನೊಂದು ಕೈಗೆ ಬರಬೇಕು.

ಹಾಲಲ್ಲದ ಬೇರೇನನ್ನೂ ಇದರಲ್ಲಿ ಕುಡಿಸಬೇಡಿ. ಹರಳೆಣ್ಣೆ ತೊಟ್ಟು ಶ್ವಾಸಕೋಶಕ್ಕೆ ಇಳಿದರೆ ಎಣ್ಣೆಯಿಂದಲೇ ನ್ಯುಮೋನಿಯಾ ಬರುತ್ತದೆ. ಜೇನುತುಪ್ಪ ಒಂದು ವರ್ಷದವರೆಗೆ ಕೂಡದು. ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಕಿಲ್ಲ. ವಿಟಮಿನ್ ಡಿ ಹನಿಯನ್ನು ಸಹ ಅದರದೇ ಡ್ರಾಪರಿನಲ್ಲಿ ಕೊಡಿ. ಒಂದು ಎಂ.ಎಲ್.ಗೆ 400 ಯೂನಿಟ್ಟಿನ ಬಾಟಲಿಯೂ ಇದೆ, 800ರದ್ದೂ ಇದೆ. ಒಳಲೆಯಲ್ಲಿ ಅಂದಾಜಿಗೆ ಹಾಕಿದರೆ ಅರ್ಧ ಗೋಡೆಗೆ ಅಂಟಿ, ಕೊಟ್ಟದ್ದೆಷ್ಟು ಎಂಬ ಲೆಕ್ಕ ತಪ್ಪುತ್ತದೆ.

ಎಲ್ಲಿ ಕೊಳ್ಳುವುದು? ಆನ್‌ಲೈನಿನಲ್ಲಿ ಹತ್ತಿ ಎಳೆದು ನೋಡಲಾಗದು, ಆದ್ದರಿಂದ ಅಂಗಡಿಗೆ ಹೋಗುವುದೇ ಮೇಲು. ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ ಸುತ್ತಲಿನ ಪಾತ್ರೆ ಅಂಗಡಿಗಳು, ಬೇರೆ ಊರುಗಳಲ್ಲಿ ಪೇಟೆ ಬೀದಿಯ ಯಾವುದೇ ಸ್ಟೀಲ್ ಅಂಗಡಿ. ‘ನ್ಯೂಬಾರ್ನ್ ಕಿಟ್’ ಜತೆ ಫೀಡಿಂಗ್ ಬಾಟಲಿ ಪುಕ್ಕಟೆ ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಮಾರಾಟ ಹೆಚ್ಚಿಸಲು ಹಾಗೆ ಹಂಚುವುದನ್ನೂ, ಬಾಟಲಿಯ ಜಾಹೀರಾತನ್ನೂ 1992ರ ಶಿಶು ಆಹಾರ ಕಾಯ್ದೆ ನಿಷೇಧಿಸಿದೆ.

ನಾಲ್ಕೈದು ತಿಂಗಳಿಗೆ ಮಗು ಕೈ ಚಾಚಿ ಒಳಲೆಯನ್ನು ಕಸಿಯಲು ಶುರುಮಾಡುತ್ತದೆ. ಲೋಹದ ಮೂತಿ ಒಸಡಿಗೆ ತಗುಲಿ ಗಾಯವಾಗುವುದು ಆಗಲೇ. ಅಲ್ಲಿಂದ ಮುಂದೆ ಅಂಚು ದಪ್ಪಗಿರುವ ಪುಟ್ಟ ಸ್ಟೀಲ್ ಲೋಟಕ್ಕೆ ಬದಲಾಯಿಸಿ, ಅರ್ಧಕ್ಕಿಂತ ಕಡಿಮೆ ತುಂಬಿ, ಅದೇ ಅರೆ ಕೂತ ಭಂಗಿಯಲ್ಲಿ ಕುಡಿಸಿ.