ಐವತ್ತು ದಾಟಿದವರ ‘ರಿಸ್ಕ್ ಅಸೆಸ್‌ಮೆಂಟ್’: ಐದರಲ್ಲಿ ಎರಡು ಸ್ಟಾರ್

ಬೈಕಂಪಾಡಿಯ ಒಂದು ಗೋಡೌನಿನಲ್ಲಿ ನಾನು ಸ್ಟೋರ್‌ಕೀಪರ್. ವಯಸ್ಸು 57. ಕಳೆದ ಜುಲೈಯಲ್ಲಿ ಕಂಪೆನಿಯವರು ರಿಸ್ಕ್ ಅಸೆಸ್‌ಮೆಂಟಿಗೆ, ಅಂದರೆ ಕೆಲಸದಲ್ಲಿ ಅಪಾಯ ಎಲ್ಲೆಲ್ಲಿ ಉಂಟು ಎಂದು ನೋಡಲು, ಒಂದು ಸೇಫ್ಟಿ ಏಜೆನ್ಸಿಯನ್ನು ಕರೆಸಿದರು. ಹೆಸರು ಬೇಡ. ಇಂಥವರನ್ನು ಕರೆಸುವ ಯೋಚನೆ ಇದ್ದವರು ಓದಿ.

ಬಂದವರು ಮೊದಲು ಕೇಳಿದ್ದೇ ಐವತ್ತು ದಾಟಿದವರ ಪಟ್ಟಿ. ಒಂಬತ್ತು ಜನ ಸಿಕ್ಕಿದೆವು. ಬಿಪಿ, ಶುಗರ್, ತೂಕ ನೋಡಿ, ಎರಡು ಮಹಡಿ ಮೆಟ್ಟಿಲು ಹತ್ತಿಸಿದರು. “ಕಂಬಳಕ್ಕೆ ಕೋಣ ನೋಡುವ ಹಾಗೆ ಉಂಟಲ್ಲ ಅಣ್ಣ” ಎಂದ ಲೋಡಿಂಗಿನ ಹುಡುಗ. ನನಗೂ ನಗು ಬಂತು. ರಿಪೋರ್ಟ್ ಬಂದ ಮೇಲೆ ಹೋಯಿತು. ಒಂಬತ್ತು ಜನಕ್ಕೂ ಬರೆದದ್ದು ಒಂದೇ: ಏಣಿ ಹತ್ತಬಾರದು, ಭಾರ ಎತ್ತಬಾರದು, ನೈಟ್ ಶಿಫ್ಟ್ ಬೇಡ. ನೈಟ್ ಶಿಫ್ಟ್ ಹೋದದ್ದೇ ಅದರ ಭತ್ಯೆಯೂ ಹೋಯಿತು. ಇದಕ್ಕೆ ಕಾಳಜಿ ಎಂದು ಹೆಸರು.

ಆ ಏಣಿಯನ್ನು ಒಬ್ಬರೂ ನೋಡಲಿಲ್ಲ ಮಾರಾಯ್ರೇ! ಒಂದು ಕಾಲಿಗೆ ರಬ್ಬರೇ ಇಲ್ಲ. ಲೋಡಿಂಗ್ ಜಾಗದಲ್ಲಿ ಶೀಟ್ ಸೋರಿ, ಮಳೆಗಾಲ ಇಡೀ ನೆಲ ಒದ್ದೆ. ಅಲ್ಲಿ ಜಾರಿ ಮೊಣಕೈ ಮುರಿದುಕೊಂಡವನಿಗೆ 26 ವರ್ಷ. ಅವನನ್ನು ಯಾರೂ ಮೆಟ್ಟಿಲು ಹತ್ತಿಸಿ ನೋಡಲಿಲ್ಲ.

ಭಾರ ಎತ್ತುವುದಕ್ಕೆ ಕೆಲಸಗಾರರ ಸುರಕ್ಷತೆಯ ಅಧ್ಯಯನ ಮಾಡುವ ಅಮೆರಿಕದ ನಯೋಶ್ (NIOSH) ಸಂಸ್ಥೆಯ ಲೆಕ್ಕವೊಂದು ಇವರ ರಿಪೋರ್ಟಿನ ಕೊನೆಯ ಪುಟದಲ್ಲೇ ಇತ್ತು. ಎಲ್ಲ ಅನುಕೂಲ ಇದ್ದರೂ 23 ಕಿಲೋ ಮಿತಿ. ಚೀಲ ಮೈಯಿಂದ ಎಷ್ಟು ದೂರ, ಎಷ್ಟು ಎತ್ತರಕ್ಕೆ, ನಿಮಿಷಕ್ಕೆ ಎಷ್ಟು ಸಲ, ಹಿಡಿತ ಹೇಗೆ ಎಂದು ನೋಡಿ ಅದರಿಂದ ಇಳಿಸುತ್ತಾ ಹೋಗಬೇಕು. ವಯಸ್ಸಿಗೆ ಅಲ್ಲಿ ಕಾಲಮ್ಮೇ ಇಲ್ಲ. ನಮ್ಮಲ್ಲಿ ಎತ್ತುವುದು 50 ಕಿಲೋ ಚೀಲ, ಹುಡುಗರೂ ಅದನ್ನೇ.

ಇಂಗ್ಲೆಂಡಿನಲ್ಲಿರುವ ತಂಗಿಯ ಮಗನಿಗೆ ಫೋನಿನಲ್ಲಿ ಹೇಳಿದರೆ ಅವನಿಗೆ ಆಶ್ಚರ್ಯ. ಅಲ್ಲಿ 2010ರ ಸಮಾನತಾ ಕಾಯ್ದೆಯಲ್ಲಿ ವಯಸ್ಸಿನ ತಾರತಮ್ಯವೂ ಸೇರಿದೆ. ವಯಸ್ಸಾಯಿತು ಎಂಬ ಕಾರಣಕ್ಕೇ ಪ್ರತ್ಯೇಕ ಅಸೆಸ್‌ಮೆಂಟ್ ಬೇಕಿಲ್ಲ ಎಂದು ಅಲ್ಲಿನ ಸುರಕ್ಷತಾ ಇಲಾಖೆಯೇ ಹೇಳುತ್ತದೆ. ನಮ್ಮ ಖಾಸಗಿ ಕೆಲಸಕ್ಕೆ ಅಂಥ ಕಾಯ್ದೆ ಎಲ್ಲಿ ಉಂಟು?

ಹಾಗಾದರೆ ಎರಡು ಸ್ಟಾರ್ ಎಂತಕ್ಕೆ? ಜೊತೆಗೆ ಬಂದ ಡಾಕ್ಟರಮ್ಮನಿಗೆ. ತುಳುವಿನಲ್ಲಿ ಮಾತಾಡಿಸಿ, ರ್‍ಯಾಕಿನ ಹಿಂದಿನ ಕತ್ತಲೆಗೆ ತಾವೇ ನುಗ್ಗಿ ಲೇಬಲ್ ಓದಲು ನೋಡಿದರು. ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನಲ್ಲಿ ಮೂರನೇ ಒಂದು ಪಾಲಷ್ಟೇ ಅರುವತ್ತರ ಕಣ್ಣಿನೊಳಗೆ ಹೋಗುವುದಂತೆ. ಎರಡು ಎಲ್‌ಇಡಿ ಟ್ಯೂಬ್ ಹಾಕಿಸಿ ಎಂದು ಪೆನ್ನಿನಲ್ಲಿ ಸೇರಿಸಿದರು. ಹಾಕಿದರು ಕೂಡ. ಈಗ ಬ್ಯಾಚ್ ನಂಬರ್ ತಪ್ಪುವುದು ಕಡಿಮೆ, ಹುಡುಗರಿಗೂ.

ಏಣಿಗೆ ರಬ್ಬರ್ ಇನ್ನೂ ಬಂದಿಲ್ಲ. ನಾನು ಹತ್ತುವ ಹಾಗಿಲ್ಲವಲ್ಲ, ಹತ್ತುವವರಿಗೆ ಅಲುಗಾಡದಂತೆ ಹಿಡಿದುಕೊಳ್ಳಲು ನನ್ನನ್ನೇ ಕರೆಯುತ್ತಾರೆ.