ಗ್ಯಾರೇಜ್ ಬಾಗಿಲಿನ ಓಪನರ್: ಚೈನ್, ಬೆಲ್ಟ್, ಸ್ಕ್ರೂ, ಗೋಡೆ ಮೋಟಾರು

ಮೇಲಕ್ಕೇರುವ ಗ್ಯಾರೇಜ್ ಬಾಗಿಲನ್ನು ಮೋಟಾರಿನಿಂದ ತೆರೆದು ಮುಚ್ಚುವ ಯಂತ್ರವೇ ಓಪನರ್. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು ಅಂತ. ನನ್ನನ್ನು ಕೇಳಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಏಕೆಂದರೆ ಬಾಗಿಲಿನ ಭಾರ ಹೊರುವುದು ಮೋಟಾರಲ್ಲ, ಸ್ಪ್ರಿಂಗ್. ಎರಡು ಕಾರು ಹಿಡಿಸುವ ಕಬ್ಬಿಣದ ಬಾಗಿಲು 100 ಕಿಲೋ ಆಸುಪಾಸು ತೂಗಬಹುದು. ಸ್ಪ್ರಿಂಗ್ ಸರಿಯಾಗಿದ್ದರೆ ಅದೇ ಬಾಗಿಲನ್ನು ಒಂದು ಕೈಯಲ್ಲಿ ಎತ್ತಬಹುದು. ಮೋಟಾರು ಮಾಡುವುದು ಬರೀ ತಳ್ಳುವ, ಎಳೆಯುವ ಕೆಲಸ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಾಗಿಲು ಪೂರ್ತಿ ಮುಚ್ಚಿರಲಿ. ಈಗಾಗಲೇ ಓಪನರ್ ಇದ್ದರೆ, ಅದರಿಂದ ಇಳಿಬಿದ್ದಿರುವ ಕೆಂಪು ಹಗ್ಗ ಎಳೆದು ಬಾಗಿಲನ್ನು ಓಪನರ್‌ನಿಂದ ಬಿಡಿಸಿ. ಕೈಯಿಂದ ಸೊಂಟದೆತ್ತರಕ್ಕೆ ಎತ್ತಿ, ಮೆಲ್ಲಗೆ ಕೈಬಿಡಿ. ಅಲ್ಲೇ ನಿಂತರೆ ಬಾಗಿಲು ಆರೋಗ್ಯವಾಗಿದೆ. ಕೆಳಗೆ ಜಾರಿದರೆ ಅಥವಾ ತಾನಾಗಿ ಮೇಲೆ ಓಡಿದರೆ ಸ್ಪ್ರಿಂಗ್ ಸರಿಮಾಡಿಸಬೇಕು. ಅದು ಆಗುವ ತನಕ ಎಂಥ ದುಬಾರಿ ಓಪನರ್ ಹಾಕಿದರೂ ಬೇಗ ಸವೆದು ಕೈಕೊಡುತ್ತದೆ. ಆದರೆ ಸ್ಪ್ರಿಂಗಿಗೆ ದಯವಿಟ್ಟು ನೀವೇ ಕೈಹಾಕಬೇಡಿ. ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಕೈ ಮುರಿಯುವಷ್ಟು ಜೋರಿರುತ್ತದೆ. ಬಲ್ಲವರನ್ನೇ ಕರೆಸಿ. ಬಾಗಿಲು ತೆರೆದಿರುವಾಗ ಆ ಕೆಂಪು ಹಗ್ಗ ಎಳೆಯುವುದೂ ಬೇಡ. ಸ್ಪ್ರಿಂಗ್ ತುಂಡಾಗಿದ್ದರೆ ಬಾಗಿಲು ಧೊಪ್ಪೆಂದು ಬೀಳುತ್ತದೆ.

ನಮ್ಮ ಗ್ಯಾರೇಜಿಗೆ ಎರಡು ಬಾಗಿಲು. ಹಿಂದೆ ಎರಡಕ್ಕೂ ಚೈನ್ ಓಪನರ್ ಇತ್ತು. ಈಗ ಒಂದಕ್ಕೆ ಬೆಲ್ಟ್, ಇನ್ನೊಂದಕ್ಕೆ ಗೋಡೆಗೆ ಕೂರಿಸುವ ಮೋಟಾರು. ಸ್ಕ್ರೂ ಓಪನರ್ ಇರುವುದು ಅಕ್ಕನ ಮನೆಯಲ್ಲಿ. ಅದಕ್ಕೆ ಗ್ರೀಸ್ ಹಚ್ಚುವ ಕೆಲಸ ನನ್ನದೇ, ಹಾಗಾಗಿ ಅದರ ಗುಣವೂ ಗೊತ್ತು.

ಚೈನ್‌ನಿಂದಲೇ ಶುರು ಮಾಡುತ್ತೇನೆ. ಚಾವಣಿಗೆ ನೇತುಹಾಕಿದ ಮೋಟಾರು, ಅಲ್ಲಿಂದ ಬಾಗಿಲಿನ ಮೇಲ್ಭಾಗದ ಗೋಡೆಯವರೆಗೆ ಒಂದು ಉದ್ದ ಕಂಬಿ, ಕಂಬಿಯ ಮೇಲೆ ಸೈಕಲ್ ಚೈನಿನಂಥ ಚೈನು. ಗಟ್ಟಿಮುಟ್ಟಾದ ವ್ಯವಸ್ಥೆ. ಭಾರದ ಮರದ ಬಾಗಿಲಿಗೂ ಅಂಜುವುದಿಲ್ಲ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ರಿಪೇರಿ ಗೊತ್ತಿರುವವರೂ ಜಾಸ್ತಿ. ಇರುವ ದೊಡ್ಡ ದೋಷ ಸದ್ದು. ಅದೂ ಗ್ಯಾರೇಜಿನೊಳಗೆ ನಿಂತಾಗ ಅಷ್ಟು ಗೊತ್ತಾಗುವುದಿಲ್ಲ, ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಮೋಟಾರಿನ ನಡುಕ ಚಾವಣಿಯ ತೊಲೆಗಳಿಗೆ ಹತ್ತಿ ಇಡೀ ನೆಲ ಗುಂಯ್ ಅನ್ನುತ್ತದೆ. ಚೈನು ಸಡಿಲವಾದರೆ ಕಂಬಿಗೆ ಬಡಿದು ಕಟಕಟ ಅನ್ನುವುದು ಬೇರೆ. ನಟ್ ತಿರುಗಿಸಿ ಬಿಗಿ ಮಾಡಿದರೆ ಸ್ವಲ್ಪ ಕಾಲ ಸುಮ್ಮನಿರುತ್ತದೆ. ಮೋಟಾರು ಮತ್ತು ಅದನ್ನು ತೂಗುಹಾಕಿದ ಪಟ್ಟಿಯ ನಡುವೆ ರಬ್ಬರ್ ತುಂಡು ಕೊಟ್ಟರೆ ನಡುಕ ಎಷ್ಟೋ ಕಡಿಮೆಯಾಗುತ್ತದೆ. ನಾವು ಮೊದಲು ಮಾಡಿದ್ದು ಅದನ್ನೇ.

ನಮ್ಮ ಒಂದು ಚೈನ್ ಓಪನರ್ ಕೊನೆಗೆ ಸೋತದ್ದು ಹೇಗೆ ಅನ್ನುವುದು ನೋಡುವಂತಿತ್ತು. ಗುಂಡಿ ಒತ್ತಿದರೆ ಮೋಟಾರು ಗುನುಗುತ್ತದೆ, ಚೈನು ಮಾತ್ರ ಅಲ್ಲಾಡುವುದಿಲ್ಲ. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಬಿಳಿ ಪುಡಿ, ತೆಂಗಿನಕಾಯಿ ತುರಿದು ಉದುರಿಸಿದ ಹಾಗೆ. ಮೋಟಾರಿನ ಉಕ್ಕಿನ ಸುರುಳಿ ಗೇರು ತಿರುಗಿಸುವ ಇನ್ನೊಂದು ಗೇರು ನೈಲಾನಿನದು. ಅದರ ಹಲ್ಲುಗಳು ಸವೆದು ಪುಡಿಯಾಗಿದ್ದವು. ಇದನ್ನು ಕಂಡು ಓಪನರ್ ಸತ್ತಿತು ಅಂದುಕೊಳ್ಳಬೇಕಿಲ್ಲ. ಆ ಗೇರು ಮಾತ್ರ ಕಿಟ್ ಆಗಿ ಸಿಗುತ್ತದೆ. ಹೊಸದು ಹಾಕಿ, ಗ್ರೀಸ್ ಮೆತ್ತಿ, ಅದನ್ನು ಮತ್ತೆ ಓಡಿಸಿದೆವು. ಚೈನ್ ಓಪನರ್ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ. ಅದು ರಿಪೇರಿಗೆ ಒಗ್ಗುತ್ತದೆ. ಗ್ಯಾರೇಜು ಮನೆಯಿಂದ ಬೇರೆಯಾಗಿ ನಿಂತಿದ್ದರೆ ಇವತ್ತಿಗೂ ನಾನು ಚೈನನ್ನೇ ಕೊಳ್ಳುತ್ತೇನೆ.

ಆದರೆ ನಮ್ಮ ಗ್ಯಾರೇಜಿನ ಮೇಲೆ ಮಲಗುವ ಕೋಣೆ ಇದೆ. ಹಾಗಾಗಿ ಬೆಲ್ಟಿಗೆ ಬಂದೆವು. ರಚನೆ ಹೆಚ್ಚುಕಡಿಮೆ ಚೈನಿನದೇ, ಚೈನಿನ ಜಾಗದಲ್ಲಿ ಫೈಬರ್‌ಗ್ಲಾಸ್ ಅಥವಾ ಉಕ್ಕಿನ ಎಳೆ ಸೇರಿಸಿದ ರಬ್ಬರ್ ಬೆಲ್ಟು. ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ಮೇಲೆ ಮಲಗಿದವರಿಗೆ ಬಾಗಿಲು ತೆರೆದದ್ದೇ ತಿಳಿಯಲಿಲ್ಲ. ಬೆಲ್ಟು ಕಿತ್ತುಹೋಗುತ್ತದೆ ಎಂಬ ಭಯ ಹಲವರಿಗಿದೆ. ಸ್ಪ್ರಿಂಗ್ ಸರಿಯಿದ್ದರೆ ಬೆಲ್ಟಿನ ಮೇಲೆ ಬೀಳುವ ಭಾರವೇ ಕಮ್ಮಿ, ಹಾಗಾಗಿ ಅಷ್ಟು ಹೆದರುವುದು ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಲ್ಟಿನದು ಅಂತ ನಾವು ಹೊಗಳುವ ಮೆತ್ತಗಿನ ಗುಣದಲ್ಲಿ ಅರ್ಧ ಪಾಲು ಡಿಸಿ ಮೋಟಾರಿನದು. ಹಳೆಯ ಎಸಿ ಮೋಟಾರಿಗೆ ಒಂದೇ ವೇಗ. ಶುರುವಾದ ಕೂಡಲೇ ಬಾಗಿಲನ್ನು ಜಗ್ಗುತ್ತದೆ, ನಿಲ್ಲುವಾಗಲೂ ಧಡಕ್ ಅಂತ ನಿಲ್ಲುತ್ತದೆ. ಡಿಸಿ ಮೋಟಾರು ನಿಧಾನವಾಗಿ ಹೊರಡುತ್ತದೆ, ನಡುವೆ ವೇಗ ಹಿಡಿಯುತ್ತದೆ, ನೆಲ ಹತ್ತಿರವಾದಂತೆ ಮತ್ತೆ ನಿಧಾನವಾಗುತ್ತದೆ. ಆದ್ದರಿಂದ ಬಾಗಿಲಿನ ಕೀಲುಗಳಿಗೂ ಹೊಡೆತ ಕಮ್ಮಿ. ಡಿಸಿ ಮೋಟಾರಿನ ಚೈನ್ ಓಪನರ್‌ಗಳೂ ಇವೆ. ದುಡ್ಡು ಉಳಿಸಬೇಕು, ಸದ್ದೂ ತಗ್ಗಬೇಕು ಅನ್ನುವವರು ಅವನ್ನು ನೋಡಬಹುದು.

ಬೆಲ್ಟ್ ಬಂದ ಮೇಲೂ ಬಾಗಿಲು ಪೂರ್ತಿ ಮೌನವಾಗಲಿಲ್ಲ. ಮೋಟಾರಿನ ಗದ್ದಲ ಹೋದ ಮೇಲೆ ಬಾಗಿಲಿನದೇ ಕಿರಿಕಿರಿ ಕೇಳತೊಡಗಿತು. ಹಳಿಯೊಳಗೆ ಉರುಳುವ ಕಬ್ಬಿಣದ ರೋಲರ್ ತೆಗೆದು ಬೇರಿಂಗ್ ಇರುವ ನೈಲಾನ್ ರೋಲರ್ ಹಾಕಿಸಿದೆವು. ಕೀಲುಗಳಿಗೆ ಎಣ್ಣೆ ಬಿಟ್ಟೆವು. ಆಮೇಲೆ ಸಮಾಧಾನವಾಯಿತು. ಕೆಳಗಿನ ರೋಲರ್‌ಗಳನ್ನು ಮಾತ್ರ ನೀವೇ ಮುಟ್ಟಬೇಡಿ. ಅವುಗಳ ಕ್ಲಿಪ್ಪಿಗೇ ಬಾಗಿಲನ್ನು ಎತ್ತುವ ಕೇಬಲ್ ಕಟ್ಟಿರುತ್ತದೆ, ಸ್ಪ್ರಿಂಗಿನ ಎಳೆತವೆಲ್ಲ ಅದರ ಮೇಲಿರುತ್ತದೆ.

ಸ್ಕ್ರೂ ಓಪನರ್ ಬಗ್ಗೆ ಹೇಳುವುದು ಕಡಿಮೆ. ಸ್ಕ್ರೂವಿನಂತೆ ಸುತ್ತುಗೆರೆ ಕೊರೆದ ಉದ್ದ ಕಂಬಿ ತಿರುಗುತ್ತದೆ, ಅದರ ಮೇಲೆ ಕೂತ ತುಂಡು ಹಿಂದೆ ಮುಂದೆ ಸರಿಯುತ್ತದೆ. ಬಿಡಿಭಾಗ ಕಮ್ಮಿ, ವೇಗ ಚೆನ್ನಾಗಿದೆ. ಆದರೆ ಕಂಬಿಗೆ ಆಗಾಗ ಗ್ರೀಸ್ ಬೇಕೇ ಬೇಕು. ಚಳಿಯಲ್ಲಿ ಗ್ರೀಸ್ ಗಟ್ಟಿಯಾದರೆ ಓಪನರ್ ಏದುಸಿರು ಬಿಡುತ್ತದೆ. ಸದ್ದು ಬೆಲ್ಟಿಗಿಂತ ಜಾಸ್ತಿ. ಈಗ ಹೊಸದಾಗಿ ಕೊಳ್ಳುವವರಿಗೆ ಇದನ್ನು ಹೇಳಲು ನನಗೆ ಮನಸ್ಸಿಲ್ಲ.

ಇನ್ನು ಗೋಡೆ ಮೋಟಾರು. ನಾನು ತುಂಬ ಮೆಚ್ಚಿಕೊಂಡದ್ದು ಇದು, ಷರತ್ತುಗಳು ಜಾಸ್ತಿ ಇರುವುದೂ ಇದಕ್ಕೇ. ಬಾಗಿಲಿನ ಮೇಲೆ ಅಡ್ಡಲಾಗಿ ಇರುವ ಸ್ಪ್ರಿಂಗಿನ ದಂಡದ ತುದಿಗೆ ಮೋಟಾರನ್ನು ನೇರವಾಗಿ ಜೋಡಿಸುತ್ತಾರೆ. ಮೋಟಾರು ದಂಡವನ್ನು ತಿರುಗಿಸುತ್ತದೆ, ದಂಡ ಕೇಬಲ್ ಸುತ್ತುತ್ತದೆ, ಬಾಗಿಲು ಏರುತ್ತದೆ. ಚಾವಣಿಯಲ್ಲಿ ಕಂಬಿಯೂ ಇಲ್ಲ, ಮೋಟಾರೂ ಇಲ್ಲ. ಹೋದ ಜಾಗವೆಲ್ಲ ವಾಪಸು ಸಿಕ್ಕಿತು. ನಾವು ಅಲ್ಲಿ ಏಣಿ, ಸೈಕಲ್ಲು ನೇತುಹಾಕಿದ್ದೇವೆ. ನಡುಕ ಚಾವಣಿಗೆ ಹೋಗುವ ದಾರಿಯೇ ಇಲ್ಲವಾದ್ದರಿಂದ ಬೆಲ್ಟಿಗಿಂತಲೂ ಹಿತ.

ಷರತ್ತುಗಳೇನು? ಬಾಗಿಲಿನ ಮೇಲೆ ತಿರುಚು ಸ್ಪ್ರಿಂಗಿನ ದಂಡ ಇರಬೇಕು. ಎರಡೂ ಬದಿಯ ಹಳಿಗಳ ಉದ್ದಕ್ಕೆ ಹಿಗ್ಗುವ ಸ್ಪ್ರಿಂಗ್ ಇರುವ ಬಾಗಿಲಿಗೆ ಇದು ಆಗುವುದಿಲ್ಲ. ದಂಡದ ಪಕ್ಕದಲ್ಲಿ ಸುಮಾರು ಒಂದು ಗೇಣು ಜಾಗ ಬೇಕು. ಬಾಗಿಲಿನ ಸಮತೂಕ ಬೇರೆ ಓಪನರ್‌ಗಳಿಗಿಂತ ಇಲ್ಲಿ ಮುಖ್ಯ. ಕಾರಣ ಇಷ್ಟೆ: ಚಾವಣಿಯ ಓಪನರ್ ಬಾಗಿಲಿಗೆ ಜೋಡಿಸಿದ ತನ್ನ ತೋಳಿನಿಂದ ಅದನ್ನು ಕೆಳಗೆ ತಳ್ಳುತ್ತದೆ. ಗೋಡೆ ಮೋಟಾರು ತಳ್ಳುವುದಿಲ್ಲ, ಕೇಬಲ್ ಬಿಡುತ್ತದೆ ಅಷ್ಟೆ. ಬಾಗಿಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಕೇಬಲ್ ಸಡಿಲವಾಗಿ ಸುರುಳಿಯಿಂದ ಜಾರುತ್ತದೆ. ಅದಕ್ಕೇ ಕೇಬಲಿನ ಬಿಗಿ ನೋಡುವ ಒಂದು ಸೆನ್ಸರ್ ಜೊತೆಗೆ ಬರುತ್ತದೆ. ನಮ್ಮಲ್ಲಿ ಒಂದು ಸಲ ಹಳಿಯೊಳಗೆ ಸಣ್ಣ ಕಲ್ಲು ಸಿಕ್ಕಿ ರೋಲರ್ ತಡೆಯಿತು. ಕೇಬಲ್ ಕೊಂಚ ತೊನೆದದ್ದೇ ತಡ, ಸೆನ್ಸರಿನ ಪುಟ್ಟ ಗಾಲಿ ಒಳಕ್ಕೆ ಬಾಗಿತು, ಮೋಟಾರು ನಿಂತಿತು. ಕಲ್ಲು ತೆಗೆದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡಿತು. ಆ ಸೆನ್ಸರ್ ಕಟ್ಟದೆ ಬಿಡುವ ಕೆಲಸಗಾರರಿದ್ದರೆ ಒಪ್ಪಬೇಡಿ. ಬಾಗಿಲನ್ನು ಒತ್ತಿ ಹಿಡಿಯುವ ತೋಳು ಇಲ್ಲದ್ದರಿಂದ ಹಳಿಗೆ ಬೇರೆ ವಿದ್ಯುತ್ ಬೀಗ ಹಾಕುತ್ತಾರೆ, ಅದೂ ಇರಲಿ.

ಯಾವುದನ್ನೇ ಆರಿಸಿ, ಸುರಕ್ಷತೆಯಲ್ಲಿ ರಾಜಿ ಬೇಡ. ಬಾಗಿಲಿನ ಎರಡು ಬದಿ, ನೆಲದಿಂದ 15 ಸೆಂಟಿಮೀಟರ್ ಮೀರದ ಎತ್ತರದಲ್ಲಿ, ಎದುರುಬದುರಾಗಿ ಎರಡು ಸೆನ್ಸರ್ ಕಣ್ಣುಗಳಿರುತ್ತವೆ, ಒಂದು ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಮಗುವೋ ಬೆಕ್ಕೋ ಬಂದು ಕಿರಣ ತುಂಡಾದರೆ, ಇಳಿಯುತ್ತಿದ್ದ ಬಾಗಿಲು ಮೇಲಕ್ಕೆ ತಿರುಗುತ್ತದೆ. ಮಕ್ಕಳು ಬಾಗಿಲಿನಡಿ ಸಿಕ್ಕಿ ಜೀವ ಕಳೆದುಕೊಂಡ ಮೇಲೆ ಅಮೆರಿಕದಲ್ಲಿ 1993ರಿಂದ ಮನೆಯ ಓಪನರ್‌ಗಳಿಗೆ ಇಂಥ ರಕ್ಷಣೆ ಕಡ್ಡಾಯವಾಯಿತು. ನಿಮ್ಮ ಓಪನರ್‌ಗೆ ಈ ಕಣ್ಣುಗಳೇ ಇಲ್ಲದಿದ್ದರೆ ಅದು ಎಷ್ಟೇ ಚೆನ್ನಾಗಿ ಓಡಲಿ, ಬದಲಿಸಿ. ಬಾಗಿಲಿನಡಿ ನೆಲದ ಮೇಲೆ ಸುಮಾರು 4 ಸೆಂಟಿಮೀಟರ್ ದಪ್ಪದ ಮರದ ತುಂಡು ಮಲಗಿಸಿ ಬಾಗಿಲು ಮುಚ್ಚಿ ನೋಡಿ. ಮರಕ್ಕೆ ತಾಗಿದ ಕೂಡಲೇ ಬಾಗಿಲು ಹಿಂದಿರುಗಬೇಕು. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಕೆಲವೊಮ್ಮೆ ಸಂಜೆಯ ಬಿಸಿಲು ನೇರವಾಗಿ ಒಂದು ಕಣ್ಣಿಗೆ ಬಿದ್ದು ಬಾಗಿಲು ಮುಚ್ಚುವುದೇ ಇಲ್ಲ. ಕಿರಣ ಹಿಡಿಯುವ ಕಣ್ಣನ್ನು ನೆರಳಿನ ಬದಿಗೆ ಬದಲಿಸಿದರೆ ಸರಿಹೋಗುತ್ತದೆ.

ರಿಮೋಟ್ ಬಗ್ಗೆಯೂ ಎಚ್ಚರ ಬೇಕು. ಹಳೆಯ ರಿಮೋಟ್‌ಗಳ ಒಳಗೆ ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತಿತ್ತು, ಅದೇ ಅದರ ಗುಟ್ಟು. 12 ಸ್ವಿಚ್ಚಿದ್ದರೆ ಒಟ್ಟು 4096 ಜೋಡಣೆ, ಅಷ್ಟೇ. 2015ರಲ್ಲಿ ಸ್ಯಾಮಿ ಕಮ್ಕಾರ್ ಎಂಬ ಭದ್ರತಾ ಸಂಶೋಧಕ ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ, ಇಂಥ ಬಾಗಿಲುಗಳನ್ನು ಕೆಲವೇ ಸೆಕೆಂಡುಗಳಲ್ಲಿ ತೆರೆಯಬಹುದು ಎಂದು ತೋರಿಸಿದರು. ಪ್ರತಿ ಸಲ ಒತ್ತಿದಾಗಲೂ ಬದಲಾಗುವ ರೋಲಿಂಗ್ ಕೋಡ್ ಇದೆಯೇ ಅಂತ ಕೇಳಿಯೇ ಕೊಳ್ಳಿ.

ಮೊಬೈಲಿನಿಂದ ತೆರೆಯುವ ಸೌಲಭ್ಯ ನನಗೆ ಇಷ್ಟವಾದದ್ದು ಒಂದೇ ಕಾರಣಕ್ಕೆ: ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದು ದೂರದಿಂದಲೇ ತಿಳಿಯುತ್ತದೆ. ಆದರೆ ಆ್ಯಪ್ ನಡೆಯುವುದು ಕಂಪನಿಯ ಸರ್ವರಿನಿಂದ. ಅದು ನಿಂತರೂ ಬಾಗಿಲು ತೆರೆಯುವಂತೆ ಗೋಡೆಯ ಗುಂಡಿ, ಹೊರಗಿನ ಕೀಪ್ಯಾಡ್ ಎರಡೂ ಇರಬೇಕು. ಕರೆಂಟು ಹೋದಾಗ ಓಪನರ್ ಓಡಿಸುವ ಬ್ಯಾಟರಿ ಮಾತ್ರ ಬೇಕೇ ಬೇಕು ಅನ್ನುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನ ಸಮಯ ಕರೆಂಟು ಹೋಗಿ, ಬಾಗಿಲು ಎತ್ತಲಾಗದೆ ಕೆಲವರು ಒಳಗೇ ಸಿಕ್ಕಿಕೊಂಡಿದ್ದರು. ಅದಾದ ಮೇಲೆ 2019ರ ಜುಲೈಯಿಂದ ಅಲ್ಲಿ ಮಾರುವ ಓಪನರ್‌ಗಳಿಗೆ ಬ್ಯಾಟರಿ ಕಡ್ಡಾಯ ಮಾಡಿದರು. ವಯಸ್ಸಾದವರು ಇರುವ ಮನೆಯಲ್ಲಿ ಕೆಂಪು ಹಗ್ಗ ನಂಬಿ ಕೂರಲಾಗುವುದಿಲ್ಲ ಅಲ್ವಾ?

ಓಪನರ್‌ಗೆ ಹಾಕುವ ಬಲ್ಬಿನ ಬಗ್ಗೆಯೂ ಯೋಚಿಸಿ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ರೇಡಿಯೋ ಅಲೆಗೆ ಅಡ್ಡ ಬರುತ್ತವೆ. ದೀಪ ಉರಿಯುವಾಗ ರಿಮೋಟ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತಿದ್ದರೆ ಮೊದಲು ಬಲ್ಬ್ ತೆಗೆದು ನೋಡಿ.

ಗ್ಯಾರೇಜಿಗೆ ಆ ದೊಡ್ಡ ಬಾಗಿಲೊಂದೇ ದಾರಿಯಾಗಿದ್ದರೆ, ಚಾವಣಿಯ ಓಪನರ್ ಕೂರಿಸುವ ದಿನವೇ ಹೊರಗಿನಿಂದ ಕೀಲಿ ಹಾಕಿ ಬಿಡಿಸುವ ವ್ಯವಸ್ಥೆಯನ್ನೂ ಹಾಕಿಸಿಕೊಳ್ಳಿ. ಬಾಗಿಲಿಗೆ ಒಂದು ತೂತು ಕೊರೆದು, ಬೀಗದಿಂದ ಕೆಂಪು ಹಗ್ಗದ ಕೊಂಡಿಗೆ ಸಣ್ಣ ತಂತಿ ಎಳೆಯುತ್ತಾರೆ. ಕರೆಂಟೂ ಇಲ್ಲ, ಬ್ಯಾಟರಿಯೂ ಮುಗಿದಿದೆ ಅನ್ನುವಾಗ ಕೆಂಪು ಹಗ್ಗ ಒಳಗಿದ್ದು ನೀವು ಹೊರಗಿದ್ದರೆ ಒಳಹೋಗಲು ಬೇರೆ ದಾರಿ ಇರುವುದಿಲ್ಲ.