ಮಡಿಕೇರಿಯ ಭಾನುವಾರದ ಯೋಗಸೂತ್ರ ತರಗತಿ: ಐದಕ್ಕೆ ನಾಲ್ಕು ನಕ್ಷತ್ರ

ಮಡಿಕೇರಿಯಲ್ಲಿ ಭಾನುವಾರ ಬೆಳಿಗ್ಗೆ ಪತಂಜಲಿಯ ಯೋಗಸೂತ್ರವನ್ನು ಸಾಲುಸಾಲಾಗಿ ಓದಿಸುವ ತರಗತಿಯೊಂದು ನಡೆಯುತ್ತದೆ. ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ನಡೆಸುತ್ತಾರೆ. ಬೋರ್ಡು ಹಾಕಿಲ್ಲ, ಪ್ರಚಾರವೂ ಇಲ್ಲ; ಬಂದವರು ಪರಿಚಯದವರಿಗೆ ಹೇಳಿ, ಅವರು ಮತ್ತೊಬ್ಬರನ್ನು ಕರೆತಂದು ಹೇಗೋ ಮಹಡಿ ತುಂಬುತ್ತದೆ. ತಿಂಗಳಿಗೆ 300 ರೂಪಾಯಿ. ನಾನು ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ಶನಿವಾರದ ಬಟವಾಡೆ ಮುಗಿಸಿ, ಹಾಜರಿ ಬರೆಯುವ ಚೆಕ್‌ರೋಲ್ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಬಸ್ ಹತ್ತಿ ಹೋಗುತ್ತೇನೆ. ಮನಸ್ಸು ಎಂದರೆ ಏನು, ಅದರ ಶಕ್ತಿ ಎಲ್ಲಿಯದು ಎಂದು ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಡುವ ಜಾಗವನ್ನು ನಾನು ಜಿಲ್ಲೆಯಲ್ಲಿ ಬೇರೆಲ್ಲೂ ಕಂಡಿಲ್ಲ.

ಪ್ರಾಮಾಣಿಕ ಎನ್ನುವುದಕ್ಕೆ ಕಾರಣವಿದೆ. ಈಗ ಇಲ್ಲಿನ ರೆಸಾರ್ಟುಗಳಲ್ಲಿ ‘ಮನೋಶಕ್ತಿ’ಯ ಹೆಸರಿನಲ್ಲಿ ವಾರಾಂತ್ಯದ ಶಿಬಿರಗಳು ನಡೆಯುತ್ತವೆ. ಅಂಥದ್ದೊಂದಕ್ಕೆ ತೋಟದ ಕಡೆಯಿಂದಲೇ ನಮ್ಮನ್ನು ಕಳುಹಿಸಿದ್ದರು. ಕಣ್ಣು ಮುಚ್ಚಿ ಬಲವಾಗಿ ಬಯಸಿದರೆ ಬಯಸಿದ್ದು ನಡೆದೇ ತೀರುತ್ತದೆ, ಇದು ಪತಂಜಲಿ ಹೇಳಿದ್ದು ಎಂದು ಅಲ್ಲಿ ಹೇಳಿದರು. ಯಾವ ಸೂತ್ರ ಎಂದು ಕೇಳಿದೆ. ಉತ್ತರ ಬರಲಿಲ್ಲ, ಮುಂದಿನ ಹಂತದ ಶಿಬಿರದ ಶುಲ್ಕದ ಚೀಟಿ ಬಂತು. ಮಗಳ ಫೀಸಿಗೆ ಸಾಲ ಮಾಡಿದ್ದ ನಮ್ಮ ತೋಟದ ಒಬ್ಬಾಕೆ ಆ ಚೀಟಿಯನ್ನು ಆಸೆಯಿಂದ ಮಡಚಿ ಸೆರಗಿಗೆ ಕಟ್ಟಿಕೊಂಡದ್ದನ್ನು ನೋಡಿ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಮೇಷ್ಟ್ರ ತರಗತಿಯಲ್ಲಿ ಸೂತ್ರ ಮೊದಲು, ಮಾತು ಆಮೇಲೆ. ‘ಯೋಗಶ್ಚಿತ್ತವೃತ್ತಿನಿರೋಧಃ’ ಎಂಬ ಎರಡನೆಯ ಸೂತ್ರವನ್ನು ಎಲ್ಲರೂ ಬಲ್ಲೆವು ಎಂದುಕೊಂಡಿರುತ್ತೇವೆ: ಚಿತ್ತದ ವೃತ್ತಿಗಳನ್ನು, ಎಂದರೆ ಅದರ ಚಟುವಟಿಕೆಗಳನ್ನು, ತಡೆಯುವುದೇ ಯೋಗ. ಅವರು ಅದನ್ನು ದಾಟಲು ಅವಸರ ಮಾಡುವುದಿಲ್ಲ. ವೇದಾಂತಿಗಳು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ನಾಲ್ಕಾಗಿ ವಿಂಗಡಿಸುವ ಒಳಗಿನ ಕರಣವನ್ನು ಯೋಗದರ್ಶನ ಒಟ್ಟಾಗಿ ಚಿತ್ತ ಎನ್ನುತ್ತದೆ. ಅದು ಪ್ರಕೃತಿಯಿಂದಲೇ, ಎಂದರೆ ಜಗತ್ತಿಗೆ ಮೂಲವಾದ ಜಡದಿಂದಲೇ, ಹುಟ್ಟಿದ್ದು. ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳಿಂದ ಆದದ್ದು. ಅದಕ್ಕೆ ಸ್ವಂತ ಬೆಳಕಿಲ್ಲ, ಬೆಳಗುವವನು ಪುರುಷ, ಎಂದರೆ ಶುದ್ಧ ಅರಿವೇ ಆದ ಆತ್ಮ. ‘ನನ್ನ ಮನಸ್ಸು ಸರಿಯಿಲ್ಲ’ ಎಂದು ನಾವು ಹೇಳುವಾಗ ಆ ಸರಿಯಿಲ್ಲದ್ದನ್ನು ಕಂಡವರು ಯಾರು ಎಂದು ಮೇಷ್ಟ್ರು ಕೇಳಿ, ನಮ್ಮನ್ನು ಹಾಗೆಯೇ ಬಿಟ್ಟುಬಿಡುತ್ತಾರೆ.

ನಾನು ಮರೆಯಲಾಗದ ಪಾಠ ಐದು ವೃತ್ತಿಗಳದ್ದು: ಪ್ರಮಾಣ (ಸರಿಯಾದ ತಿಳಿವು), ವಿಪರ್ಯಯ (ತಪ್ಪು ತಿಳಿವು), ವಿಕಲ್ಪ (ಬರೀ ಮಾತಿನಿಂದ ಹುಟ್ಟುವ ಕಲ್ಪನೆ), ನಿದ್ರೆ, ಸ್ಮೃತಿ (ನೆನಪು). ನಿದ್ರೆಯೂ ಮನಸ್ಸಿನ ಒಂದು ವ್ಯಾಪಾರವೇ ಎಂದಾಗ ಹಲವರು ಒಪ್ಪಲಿಲ್ಲ. ಎದ್ದ ಮೇಲೆ ‘ಸುಖವಾಗಿ ನಿದ್ದೆ ಮಾಡಿದೆ’ ಎಂದು ನೆನಪಿಸಿಕೊಳ್ಳುತ್ತೀರಲ್ಲ, ಅನುಭವವೇ ಇಲ್ಲದಿದ್ದರೆ ನೆನಪು ಎಲ್ಲಿಂದ ಬರಬೇಕು ಎಂದು ಅವರು ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದ ವಾದವನ್ನು ಮುಂದಿಟ್ಟರು. ಆಗ ಮಕ್ಕಂದೂರಿನ ಕಡೆಯ ಹಿರಿಯ ಹೆಂಗಸೊಬ್ಬರು ಮೊದಲ ಬಾರಿಗೆ ಬಾಯಿ ಬಿಟ್ಟರು. ‘2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವಳು ನಾನು. ಈಗಲೂ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತೇನೆ, ಗುಡ್ಡ ಬಂತು ಅನಿಸುತ್ತದೆ. ಇದು ಯಾವ ವೃತ್ತಿ ಮೇಷ್ಟ್ರೇ?’

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಗುಡ್ಡ ಜರಿದದ್ದು ನೆನಪಾಗುತ್ತದಲ್ಲ ಅಮ್ಮ, ಅದು ಸ್ಮೃತಿ. ಅದರಲ್ಲಿ ಸುಳ್ಳಿಲ್ಲ. ಚಾವಣಿಯ ಮೇಲೆ ಬೀಳುವ ನೀರಿನ ಸದ್ದನ್ನೇ ಗುಡ್ಡ ಎಂದು ತಿಳಿಯುವುದು ವಿಪರ್ಯಯ. ಆದರೆ ಜಾಗ ಖಾಲಿ ಮಾಡಿ ಎಂದು ಜಿಲ್ಲಾಡಳಿತದವರು ಹೇಳಿದರೆ, ನೆಲದಲ್ಲಿ ಬಿರುಕು ಕಂಡರೆ, ಅದು ಪ್ರಮಾಣ. ಆಗ ಧ್ಯಾನಕ್ಕೆ ಕೂರಬೇಡಿ, ಮನೆ ಬಿಟ್ಟು ಹೊರಡಿ.’ ಆಕೆ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಮೂರನ್ನೂ ಒಂದರ ಕೆಳಗೊಂದು ಬರೆದುಕೊಂಡರು. ಭಯವನ್ನು ಮರೆತುಬಿಡಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಯಾವ ವೃತ್ತಿ ಯಾವುದು ಎಂದು ಬಿಡಿಸಿ ನೋಡುವ ಕೆಲಸವನ್ನು ಅವರ ಕೈಗೇ ಕೊಟ್ಟರು. ಈ ಒಂದು ಪಾಠಕ್ಕಾಗಿಯೇ ಈ ತರಗತಿಯನ್ನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ.

ಇನ್ನು ಶಕ್ತಿಯ ಮಾತು. ಅದು ಯೋಗಸೂತ್ರದಲ್ಲಿ ಇಲ್ಲವೆಂದಲ್ಲ. ಅದರ ನಾಲ್ಕು ಪಾದಗಳಲ್ಲಿ, ಎಂದರೆ ಅಧ್ಯಾಯಗಳಲ್ಲಿ, ಮೂರನೆಯದಾದ ವಿಭೂತಿಪಾದದಲ್ಲಿ ಪರರ ಮನಸ್ಸನ್ನು ಅರಿಯುವುದು, ಹಿಂದಿನ ಮತ್ತು ಮುಂದಿನದರ ತಿಳಿವು, ಆನೆಯ ಬಲ, ಎಲ್ಲವೂ ಇವೆ. ಕಾಡಾನೆ ರಾತ್ರೋರಾತ್ರಿ ತೋಟಕ್ಕೆ ನುಗ್ಗಿ ಬಾಳೆ, ಕಾಫಿ ಗಿಡ ತುಳಿದು ಹೋಗುವ ಊರಿನವರಿಗೆ ಆನೆಯ ಬಲ ಎಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಅದೇ ಪಾದದಲ್ಲಿ ಪತಂಜಲಿ ‘ತೇ ಸಮಾಧಾವುಪಸರ್ಗಾಃ’ ಎಂದೂ ಬರೆದಿದ್ದಾನೆ. ಇವು ಸಮಾಧಿಗೆ, ಎಂದರೆ ಮನಸ್ಸು ಪೂರ್ತಿ ಒಂದರಲ್ಲೇ ನೆಲೆಸುವುದಕ್ಕೆ, ಅಡ್ಡಿ; ಹೊರಮುಖವಾದ ಮನಸ್ಸಿಗೆ ಮಾತ್ರ ಸಿದ್ಧಿಗಳು, ಗಳಿಸಿದ ಶಕ್ತಿಗಳು. ರೆಸಾರ್ಟಿನ ಶಿಬಿರದವರು ಬಿಟ್ಟುಬಿಡುವುದು ಈ ಸಾಲನ್ನೇ.

ಹಾಗಾದರೆ ಮನಸ್ಸಿಗೆ ಬಲ ಬರುವುದು ಹೇಗೆ? ನಾಲ್ಕನೆಯ ಪಾದದ ಮೂರನೆಯ ಸೂತ್ರಕ್ಕೆ ಮೇಷ್ಟ್ರು ಇಡೀ ಒಂದು ಬೆಳಿಗ್ಗೆ ಕೊಟ್ಟರು. ಜನ್ಮದಿಂದ ಜನ್ಮಕ್ಕೆ ದೇಹೇಂದ್ರಿಯಗಳು ಮಾರ್ಪಡುವ ಬಗೆಯನ್ನು ಹೇಳುವಾಗ ಬರುವ ಸೂತ್ರವಿದು ಎಂದು ಮೊದಲೇ ಎಚ್ಚರಿಸಿದರು. ಅಲ್ಲಿನ ಹೋಲಿಕೆ ರೈತನದು: ‘ಕ್ಷೇತ್ರಿಕವತ್’. ಗದ್ದೆಗೆ ನೀರು ಹಾಯಿಸುವವನು ನೀರನ್ನು ಕೈಯಿಂದ ತಳ್ಳುವುದಿಲ್ಲ. ಬದುವಿನಲ್ಲಿ ಕಂಡಿ ತೆಗೆಯುತ್ತಾನೆ, ನೀರು ತಾನಾಗಿ ಕೆಳಗಿನ ಗದ್ದೆಗೆ ಇಳಿಯುತ್ತದೆ. ಜೂನ್, ಜುಲೈಯಲ್ಲಿ ಗುದ್ದಲಿ ಹಿಡಿದು ಕಂಡಿ ತೆಗೆದ ಕೈಗಳು ಅಲ್ಲಿ ಎಷ್ಟೋ ಇದ್ದವು. ಮನಸ್ಸಿಗೆ ಹೊಸದಾಗಿ ಶಕ್ತಿ ತುಂಬಬೇಕಾಗಿಲ್ಲ, ಅಡ್ಡಿ ತೆಗೆಯಬೇಕು ಎಂಬುದನ್ನು ಅವರು ಯಾವ ಭಾಷ್ಯವೂ ಇಲ್ಲದೆ ಹಿಡಿದುಕೊಂಡರು. ಆ ಅಡ್ಡಿಗಳನ್ನು ಮೊದಲ ಪಾದವೇ ಒಂಬತ್ತೆಂದು ಎಣಿಸಿದೆ; ಕಾಯಿಲೆ, ಸಂಶಯ, ಆಲಸ್ಯ, ಹತ್ತಿದ ನೆಲೆಯಲ್ಲಿ ನಿಲ್ಲಲಾಗದಿರುವುದು ಎಲ್ಲವೂ ಅದರಲ್ಲಿವೆ. ತೆಗೆಯುವ ದಾರಿ ಅಭ್ಯಾಸ ಮತ್ತು ವೈರಾಗ್ಯ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಹೇಳಿದಾಗ ಕೃಷ್ಣ ಕೊಟ್ಟ ಉತ್ತರದಲ್ಲೂ ಇವೇ ಎರಡು ಮಾತುಗಳಿವೆ. ಅಭ್ಯಾಸ ನೆಲೆಗೊಳ್ಳಬೇಕಾದರೆ ಬಹುಕಾಲ, ಬಿಡದೆ, ಆದರದಿಂದ ಮಾಡಬೇಕು ಎಂದು ಪತಂಜಲಿ ಸೇರಿಸುತ್ತಾನೆ. ವಾರಾಂತ್ಯದಲ್ಲಿ ಮುಗಿಯುವ ಲೆಕ್ಕ ಇದಲ್ಲ.

ಒಂದು ನಕ್ಷತ್ರ ಕಡಿಮೆ ಮಾಡಿದ್ದಕ್ಕೆ ಕಾರಣಗಳಿವೆ. ಸಿದ್ಧಿಗಳ ಮೇಲೆ ಮೇಷ್ಟ್ರಿಗೆ ಇರುವ ಅಸಹನೆಯಿಂದ ವಿಭೂತಿಪಾದವನ್ನು ಓಡಿಸಿಬಿಟ್ಟರು. ಧಾರಣೆ (ಮನಸ್ಸನ್ನು ಒಂದೆಡೆ ನಿಲ್ಲಿಸುವುದು), ಧ್ಯಾನ, ಸಮಾಧಿ ಮೂರೂ ಒಂದೇ ವಿಷಯದಲ್ಲಿ ಕೂಡಿದರೆ ಸಂಯಮ ಎನ್ನುವ ಮುಖ್ಯ ಮಾತು ಬರುವುದೂ ಅಲ್ಲಿಯೇ. ಅದಕ್ಕೆ ಇನ್ನಷ್ಟು ಸಮಯ ಸಿಗಬೇಕಿತ್ತು. ಸೂತ್ರಗಳ ಜೆರಾಕ್ಸ್ ಪ್ರತಿ ಮಸುಕಾಗಿದೆ, ವಯಸ್ಸಾದವರಿಗೆ ಓದಲಾಗುವುದಿಲ್ಲ. ಮೆಟ್ಟಿಲು ಕಡಿದು, ಮಳೆಗಾಲದಲ್ಲಿ ಜಾರುತ್ತದೆ; ಕೈಹಿಡಿ ಹಾಕಿಸಲೇಬೇಕು.

ಆಸನ ಕಲಿಯುವ ಆಸೆಯಿಂದ ಬರಬೇಡಿ. ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ, ಮೇಷ್ಟ್ರು ಕಲಿಸುವುದೂ ಅಷ್ಟೇ. ಸಂಸ್ಕೃತ ಬಾರದಿದ್ದರೂ ತೊಂದರೆಯಿಲ್ಲ, ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಮತ್ತೆ ಮೊದಲ ಪಾದದಿಂದ ಆರಂಭವಾಗುತ್ತದೆ. ಹೊಸಬರು ಆಗಲೇ ಸೇರಿಕೊಳ್ಳಿ, ಬರುವಾಗ ಒಂದು ನೋಟ್‌ಬುಕ್ ಮತ್ತು ಕೂರಲು ದಪ್ಪ ಚಾಪೆ ತನ್ನಿ.